ಹೊಸ ಎಸ್‌ಎಸ್‌ಡಿ ವಿಂಡೋಸ್ ಇನ್‌ಸ್ಟಾಲರ್‌ಗೆ ಕಾಣಿಸುತ್ತಿಲ್ಲ, ಯಾರಾದರೂ ದಾರಿ ತೋರಿಸಿ

ಬೆಳದಿಂಗಳು · ಶನಿವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ತಂಗಿಯ ಲ್ಯಾಪ್‌ಟಾಪ್‌ನಲ್ಲಿ ಜಾಗ ಸಾಲುತ್ತಿರಲಿಲ್ಲ. 256 ಜಿಬಿ ಡ್ರೈವ್, ಯಾವಾಗ ತೆಗೆದರೂ ಸಿ ಡ್ರೈವ್ ಮೇಲೆ ಕೆಂಪು ಗೆರೆ. ಇವತ್ತು ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ (ಫೈಲ್ ಇಡುವ ವೇಗದ ಡ್ರೈವ್) ತಂದೆ. ಹಳೆಯದನ್ನು ಬಿಚ್ಚಿ ಎತ್ತಿಟ್ಟು ಹೊಸದನ್ನು ಕೂರಿಸಿದೆ. ಲ್ಯಾಪ್‌ಟಾಪ್ ಇಂಟೆಲ್ 12ನೇ ಜನರೇಶನ್ ಐ5.

ವಿಂಡೋಸ್ 11ರ ಪೆನ್‌ಡ್ರೈವ್ ಮಾಡಿಕೊಂಡು ಶುರು ಮಾಡಿದೆ. ಭಾಷೆ ಕೇಳಿತು, ಕೀ ಕೇಳಿತು, ಷರತ್ತು ಒಪ್ಪಿಕೋ ಅಂದಿತು. ಎಲ್ಲಿ ಇನ್‌ಸ್ಟಾಲ್ ಮಾಡಬೇಕು ಎಂದು ಕೇಳುವ ಪುಟಕ್ಕೆ ಬಂದರೆ ಪಟ್ಟಿ ಪೂರ್ತಿ ಖಾಲಿ. ಡ್ರೈವ್ ಯಾವುದೂ ಸಿಗಲಿಲ್ಲ, ಸ್ಟೋರೇಜ್ ಡ್ರೈವರ್ ಬೇಕಾದರೆ ‘ಲೋಡ್ ಡ್ರೈವರ್’ ಒತ್ತಿ ಎಂದು ಕೆಳಗೆ ಒಂದು ಸಾಲು.

ಅಂಗಡಿಯವರಿಗೆ ಫೋನ್ ಮಾಡಿದರೆ ‘ಡ್ರೈವ್ ಸರಿಯಾಗಿದೆ ಮೇಡಂ, ನಿಮ್ಮ ಲ್ಯಾಪ್‌ಟಾಪ್‌ದೇ ಪ್ರಾಬ್ಲಂ’ ಅಂತಾರೆ. ಮನೆ ಹತ್ತಿರದ ರಿಪೇರಿಯವರು ‘ಡ್ರೈವ್ ಹೋಗಿದೆ, ವಾಪಸ್ ಕೊಡಿ’ ಅಂದರು. ಬುಧವಾರ ತಂಗಿಗೆ ಪ್ರಾಜೆಕ್ಟ್ ವೈವಾ ಇದೆ. ನಾಳೆ ಭಾನುವಾರ, ಎಸ್‌ಪಿ ರೋಡಿನಲ್ಲಿ ಬಹುತೇಕ ಅಂಗಡಿ ಬಾಗಿಲು ತೆಗೆಯುವುದಿಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ.

ಹಾಸ್ಟೆಲ್ ರೂಮು · ಶನಿವಾರ ರಾತ್ರಿ

ಅಕ್ಕ, ತಲೆ ಕೆಡಿಸಿಕೊಳ್ಳಬೇಡಿ. ಬಿಲ್ ಇದೆ ತಾನೇ? ಸೋಮವಾರ ಬೆಳಿಗ್ಗೆ ಹೋಗಿ ಬೇರೆ ಕಂಪನಿಯದು ಬದಲಾಯಿಸಿಕೊಂಡು ಬನ್ನಿ.

ಸ್ಕ್ರೂಡ್ರೈವರ್ · ಶನಿವಾರ ರಾತ್ರಿ

ಬೆಳದಿಂಗಳು ಅವರೇ, ಸ್ವಲ್ಪ ತಡೆಯಿರಿ. ಬದಲಾಯಿಸಿ ತಂದ ಡ್ರೈವೂ ಹೀಗೇ ಕಾಣದೆ ಹೋಗುವ ಸಾಧ್ಯತೆ ಜಾಸ್ತಿ ಇದೆ. ಒಂದು ವಿಷಯ ನೋಡದೆ ‘ಡ್ರೈವ್ ಹೋಗಿದೆ’ ಎಂದು ಯಾರು ಹೇಳಿದರೂ ನಂಬಬೇಡಿ. ಅದೇನೆಂದರೆ, ಬಯೋಸ್‌ಗೆ, ಅಂದರೆ ವಿಂಡೋಸ್‌ಗಿಂತ ಮೊದಲು ಏಳುವ ಲ್ಯಾಪ್‌ಟಾಪ್‌ನ ಒಳ ಪ್ರೋಗ್ರಾಂಗೆ, ಈ ಡ್ರೈವ್ ಕಾಣುತ್ತಿದೆಯಾ?

ಲ್ಯಾಪ್‌ಟಾಪ್ ಆನ್ ಮಾಡಿದ ತಕ್ಷಣ ಎಫ್2 ಒತ್ತುತ್ತಾ ಇರಿ. ಕೆಲವು ಕಂಪನಿಗಳಲ್ಲಿ ಡಿಲೀಟ್, ಕೆಲವದರಲ್ಲಿ ಎಫ್10. ಒಳಗೆ ಹೋದ ಮೇಲೆ ಸ್ಟೋರೇಜ್ ಅಥವಾ ಸಿಸ್ಟಂ ಮಾಹಿತಿಯ ಪುಟದಲ್ಲಿ ನಿಮ್ಮ ಹೊಸ ಡ್ರೈವಿನ ಹೆಸರು ಇದೆಯಾ ನೋಡಿ. ಯಾವುದರಿಂದ ಶುರುವಾಗಬೇಕು ಎಂದು ತೋರಿಸುವ ಬೂಟ್ ಪಟ್ಟಿಯಲ್ಲಿ ಹುಡುಕಬೇಡಿ. ಹೊಸ ಡ್ರೈವಿನಲ್ಲಿ ಬೂಟ್ ಆಗುವಂಥದ್ದು ಇನ್ನೂ ಏನೂ ಇಲ್ಲ, ಅಲ್ಲಿ ಹೆಸರು ಬರದಿರುವುದು ಸಹಜ. ಇದನ್ನು ನೋಡಿಯೇ ಎಷ್ಟೋ ಜನ ಡ್ರೈವ್ ಸತ್ತಿದೆ ಎಂದು ತೀರ್ಮಾನಿಸುತ್ತಾರೆ.

ಬಯೋಸ್‌ಗೇ ಕಾಣದಿದ್ದರೆ ಅದು ಕೈಯಲ್ಲಿ ಮುಟ್ಟಿ ನೋಡುವ ಕಡೆಯ ತೊಂದರೆ. ಸ್ಲಾಟ್, ಸ್ಕ್ರೂ, ಡ್ರೈವಿನ ಬಗೆ, ಇಲ್ಲವೇ ಡ್ರೈವೇ. ಬಯೋಸ್‌ಗೆ ಕಂಡು ಇನ್‌ಸ್ಟಾಲರ್‌ಗೆ ಮಾತ್ರ ಕಾಣದಿದ್ದರೆ, ಹೆಚ್ಚಿನ ಸಲ ಡ್ರೈವಿಗೆ ಏನೂ ಆಗಿರುವುದಿಲ್ಲ. ಇನ್‌ಸ್ಟಾಲರ್ ಹತ್ತಿರ ಬೇಕಾದ ಡ್ರೈವರ್, ಅಂದರೆ ಡ್ರೈವನ್ನು ಗುರುತಿಸುವ ಸಣ್ಣ ಸಾಫ್ಟ್‌ವೇರ್ ಇಲ್ಲ, ಅಷ್ಟೇ. ಈ ಎರಡರಲ್ಲಿ ನಿಮ್ಮದು ಯಾವುದು ಎಂದು ಗೊತ್ತಾಗುವವರೆಗೆ ಬೇರೇನನ್ನೂ ಮುಟ್ಟಬೇಡಿ.

ಕೆಂಗೇರಿ ಲೋಕಲ್ · ಶನಿವಾರ ರಾತ್ರಿ

ಬಯೋಸ್‌ನಲ್ಲಿ ಕಾಣದಿದ್ದರೆ ಏನು ನೋಡಬೇಕು ಅನ್ನುವುದನ್ನೂ ಹೇಳಿಬಿಡುತ್ತೇನೆ, ಮುಂದೆ ಯಾರಿಗಾದರೂ ಬೇಕಾಗುತ್ತದೆ.

ಎಂ.2 ಡ್ರೈವ್, ಅಂದರೆ ಬೋರ್ಡಿನ ಸ್ಲಾಟಿಗೆ ನೇರ ಕೂರುವ ಈ ತೆಳು ಪಟ್ಟಿಯಂಥದ್ದು, ನೋಡಲು ಒಂದೇ ಥರ ಇದ್ದರೂ ಒಳಗೆ ಎರಡು ಬಗೆ. ಒಂದು ಹಳೇ ರೀತಿಯ ಸಾಟಾ, ಇನ್ನೊಂದು ವೇಗದ ಎನ್‌ವಿಎಂಇ. ಚಿನ್ನದ ಬಣ್ಣದ ಪಟ್ಟಿ ಇರುವ ತುದಿ ನೋಡಿ. ಒಂದೇ ಕಚ್ಚು ಇದ್ದರೆ ಸಾಮಾನ್ಯವಾಗಿ ಎನ್‌ವಿಎಂಇ. ಎರಡು ಕಚ್ಚು ಇದ್ದರೆ ಹೆಚ್ಚಾಗಿ ಸಾಟಾ. ಎನ್‌ವಿಎಂಇಗೆ ಮಾತ್ರ ಇರುವ ಸ್ಲಾಟಿನಲ್ಲಿ ಸಾಟಾ ಬಗೆಯದು ಲಕ್ಷಣವಾಗಿ ಕೂತುಕೊಳ್ಳುತ್ತದೆ, ಸ್ಕ್ರೂ ಕೂಡ ಬೀಳುತ್ತದೆ, ಆದರೆ ಬಯೋಸ್‌ಗೆ ಕಾಣುವುದಿಲ್ಲ. ಡ್ರೈವ್ ಕೆಟ್ಟಿಲ್ಲ, ಸ್ಲಾಟೂ ಕೆಟ್ಟಿಲ್ಲ, ಎರಡಕ್ಕೂ ಹೊಂದಾಣಿಕೆ ಇಲ್ಲ. ಕೊಳ್ಳುವಾಗ ‘2280’ ಎಂದು ಉದ್ದ ಮಾತ್ರ ಹೇಳಿದರೆ ಸಾಲದು. ಅದು 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ ಎಂದಷ್ಟೇ ಹೇಳುತ್ತದೆ.

ಇನ್ನು ಕೂರಿಸುವ ರೀತಿ. ಸ್ವಲ್ಪ ಓರೆಯಾಗಿ ಹಿಡಿದು ಪೂರ್ತಿ ಒಳಗೆ ತಳ್ಳಬೇಕು. ಕೈ ಬಿಟ್ಟರೆ ಡ್ರೈವ್ ತಾನಾಗಿ ಮೇಲಕ್ಕೆ ಎದ್ದು ನಿಲ್ಲಬೇಕು. ಆಮೇಲೆ ಒತ್ತಿ ಸ್ಕ್ರೂ ಹಾಕಬೇಕು. ಚಿನ್ನದ ಪಟ್ಟಿ ಅರ್ಧ ಹೊರಗೆ ಕಾಣುತ್ತಿದ್ದರೆ ಕೂತಿಲ್ಲ ಎಂದೇ ಅರ್ಥ. ಇದನ್ನೆಲ್ಲ ಮಾಡುವ ಮುಂಚೆ ಚಾರ್ಜರ್ ತೆಗೆಯಿರಿ, ಬ್ಯಾಟರಿ ಕನೆಕ್ಟರ್ ಬಿಡಿಸಿ.

ಬೆಳದಿಂಗಳು · ಶನಿವಾರ ರಾತ್ರಿ

ಬಯೋಸ್‌ನಲ್ಲಿ ಕಾಣುತ್ತಿದೆ! ಕಂಪನಿಯ ಹೆಸರು, ಮಾಡೆಲ್ ನಂಬರ್, 1 ಟಿಬಿ, ಎಲ್ಲಾ ಸರಿಯಾಗಿ ಬಂದಿದೆ. ಹಾಗಾದರೆ ಡ್ರೈವ್ ಚೆನ್ನಾಗಿದೆ ಅಂತ ಧೈರ್ಯವಾಗಿ ಇರಬಹುದಾ?

ಸ್ಕ್ರೂಡ್ರೈವರ್ · ಶನಿವಾರ ರಾತ್ರಿ

ಇರಬಹುದು. ಈಗ ಇನ್ನೊಂದು ಸಣ್ಣ ಪರೀಕ್ಷೆ ಮಾಡಿ. ಇನ್‌ಸ್ಟಾಲರ್ ಪುಟ ತೆರೆದಿರುವಾಗಲೇ ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್ ಕೂಡ ಸೇರಿಸಬೇಕು. ಕಪ್ಪು ಕಿಟಕಿ ಬರುತ್ತದೆ. ಅದರಲ್ಲಿ ‘ಡಿಸ್ಕ್‌ಪಾರ್ಟ್’ ಟೈಪ್ ಮಾಡಿ ಎಂಟರ್ ಒತ್ತಿ, ಆಮೇಲೆ ‘ಲಿಸ್ಟ್ ಡಿಸ್ಕ್’. ಪೆನ್‌ಡ್ರೈವ್ ಒಂದೇ ಬಂದರೆ ನನ್ನ ಅನುಮಾನ ನಿಜ. 1 ಟಿಬಿ ಡಿಸ್ಕೂ ಬಂದರೆ ಕಥೆ ಬೇರೆ, ಪಾರ್ಟಿಶನ್ ಕಡೆ, ಅಂದರೆ ಡಿಸ್ಕನ್ನು ಭಾಗ ಮಾಡಿರುವ ರೀತಿ ನೋಡಬೇಕಾಗುತ್ತದೆ.

ಬೇರೆ ಯಾವ ಕಮಾಂಡೂ ಕೊಡಬೇಡಿ. ‘ಕ್ಲೀನ್’ ಕೊಡಿ ಎಂದು ಹೇಳುವ ವಿಡಿಯೋಗಳು ಬೇಕಾದಷ್ಟಿವೆ. ಆ ಪದ ಕೊಟ್ಟರೆ ಆಯ್ಕೆಯಾಗಿರುವ ಡಿಸ್ಕಿನ ಪಾರ್ಟಿಶನ್ ಪಟ್ಟಿ ಒಂದು ಕ್ಷಣದಲ್ಲಿ ಹೋಗುತ್ತದೆ, ‘ಖಂಡಿತಾನಾ’ ಎಂದು ಕೂಡ ಕೇಳುವುದಿಲ್ಲ.

ಬೆಳದಿಂಗಳು · ಶನಿವಾರ ರಾತ್ರಿ

ಡಿಸ್ಕ್ 0 ಅಂತ ಒಂದೇ ಬಂತು. 28 ಜಿಬಿ. ಅದು ನನ್ನ ಪೆನ್‌ಡ್ರೈವ್.

ಸ್ಕ್ರೂಡ್ರೈವರ್ · ಶನಿವಾರ ರಾತ್ರಿ

ಸರಿ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ವಿಎಂಡಿ ಆನ್ ಆಗಿದೆ. 12ನೇ ಜನರೇಶನ್ ಎಂದಾಗಲೇ ಅನ್ನಿಸಿತ್ತು.

ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ಗೊತ್ತಿಲ್ಲದೆ ಚೆನ್ನಾಗಿರುವ ಡ್ರೈವ್‌ಗಳು ಅಂಗಡಿಗೆ ವಾಪಸ್ ಹೋಗುತ್ತಿವೆ. ನನಗೆ ಅದು ನಿಜವಾಗಲೂ ಬೇಸರದ ವಿಷಯ. ವಿಎಂಡಿ ಅಂದರೆ ವಾಲ್ಯೂಮ್ ಮ್ಯಾನೇಜ್‌ಮೆಂಟ್ ಡಿವೈಸ್. ಮೊದಲು ಸರ್ವರ್‌ಗಳಲ್ಲಿ ಇತ್ತು. 2020ರಲ್ಲಿ ಬಂದ 11ನೇ ಜನರೇಶನ್‌ನಿಂದ ಇಂಟೆಲ್ ಇದನ್ನು ಲ್ಯಾಪ್‌ಟಾಪ್‌ಗಳಿಗೂ ತಂದಿತು. ಇದು ಆನ್ ಇದ್ದರೆ ಎನ್‌ವಿಎಂಇ ಡ್ರೈವ್ ನೇರವಾಗಿ ವಿಂಡೋಸ್ ಕಣ್ಣಿಗೆ ಬೀಳುವುದಿಲ್ಲ, ವಿಎಂಡಿ ಕಂಟ್ರೋಲರ್‌ನ ಹಿಂದೆ ಇರುತ್ತದೆ. ಅಪಾರ್ಟ್‌ಮೆಂಟ್ ಗೇಟಿನಲ್ಲಿ ಸೆಕ್ಯೂರಿಟಿಯವರು ಬಿಡದಿದ್ದರೆ ಒಳಗೆ ಯಾರ ಮನೆ ಇದೆ ಅಂತಲೂ ನಮಗೆ ತಿಳಿಯುವುದಿಲ್ಲ ಅಲ್ವಾ, ಹಾಗೆ. ಬಯೋಸ್‌ಗೆ ಒಳಗಿನ ವಿಷಯ ಗೊತ್ತು. ವಿಂಡೋಸ್ ಇನ್‌ಸ್ಟಾಲರ್‌ನಲ್ಲಿ ಸಾಮಾನ್ಯ ಎನ್‌ವಿಎಂಇ ಡ್ರೈವರ್ ಇದೆ, ವಿಎಂಡಿ ದಾಟುವ ಡ್ರೈವರ್ ಇಲ್ಲ. ಅದಕ್ಕೇ ಪಟ್ಟಿ ಖಾಲಿ.

‘ಮೊದಲಿನ ಡ್ರೈವಿನಲ್ಲಿ ವಿಂಡೋಸ್ ಓಡುತ್ತಿತ್ತಲ್ಲ’ ಎಂದು ಕೇಳಬಹುದು. ಅದರಲ್ಲಿ ಲ್ಯಾಪ್‌ಟಾಪ್ ಕಂಪನಿಯವರು ಈ ಡ್ರೈವರ್ ಸೇರಿಸಿಯೇ ವಿಂಡೋಸ್ ಹಾಕಿ ಕಳಿಸಿರುತ್ತಾರೆ. ನಾವು ಡೌನ್‌ಲೋಡ್ ಮಾಡುವ ವಿಂಡೋಸ್‌ನಲ್ಲಿ ಅದು ಇರುವುದಿಲ್ಲ.

ಈಗ ಮಾಡಬೇಕಾದ್ದು ಇದು. ಬೇರೆ ಕಂಪ್ಯೂಟರ್‌ನಲ್ಲಿ ನಿಮ್ಮ ಲ್ಯಾಪ್‌ಟಾಪ್ ಕಂಪನಿಯ ಸಪೋರ್ಟ್ ಪುಟ ತೆಗೆದು, ನಿಮ್ಮದೇ ಮಾಡೆಲ್ ಹಾಕಿ, ಸ್ಟೋರೇಜ್ ವಿಭಾಗದಲ್ಲಿ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಟೆಕ್ನಾಲಜಿ, ಅಂದರೆ ಆರ್‌ಎಸ್‌ಟಿ ಡ್ರೈವರ್ ಇಳಿಸಿಕೊಳ್ಳಿ. ಎಲ್ಲೋ ಸಿಕ್ಕಿದ ವರ್ಷನ್ ಬೇಡ. ಒಂದೊಂದು ವರ್ಷನ್ ಒಂದೊಂದು ಜನರೇಶನ್‌ಗೆ ಹೊಂದುತ್ತದೆ. ಅದನ್ನು ಪೆನ್‌ಡ್ರೈವಿನಲ್ಲಿ ಒಂದು ಫೋಲ್ಡರ್ ಮಾಡಿ ಹಾಕಿ. ಇನ್‌ಸ್ಟಾಲರ್‌ನ ಖಾಲಿ ಪುಟದಲ್ಲಿ ‘ಲೋಡ್ ಡ್ರೈವರ್’, ಆಮೇಲೆ ‘ಬ್ರೌಸ್’, ಆ ಫೋಲ್ಡರ್ ತೋರಿಸಿ.

ಪೆಂಗ್ವಿನ್ ಪ್ರಿಯ · ಶನಿವಾರ ರಾತ್ರಿ

ಸ್ಕ್ರೂಡ್ರೈವರ್ ಸರ್ ಹೇಳಿದ್ದು ಸರಿ. ಇನ್ನೂ ಅನುಮಾನ ಇರುವವರಿಗೆ ಒಂದು ಉಪಾಯ. ವಿಂಡೋಸ್ ಬದಲು ಬಳಸುವ ಲಿನಕ್ಸ್‌ನ ಒಂದು ಬಗೆಯಾದ ಉಬುಂಟು 24.04ರ ಪೆನ್‌ಡ್ರೈವ್ ಮಾಡಿಕೊಂಡು, ಇನ್‌ಸ್ಟಾಲ್ ಮಾಡದೆ ‘ಟ್ರೈ’ ಎಂದು ಒಳಗೆ ಹೋಗಿ. ಲಿನಕ್ಸ್ ಕರ್ನಲ್‌ನಲ್ಲಿ ವಿಎಂಡಿ ಡ್ರೈವರ್ ಮೊದಲೇ ಇದೆ. ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಬಿಎಲ್‌ಕೆ’ ಕೊಟ್ಟರೆ ‘ಎನ್‌ವಿಎಂಇ0ಎನ್1’ ಎಂದು ಡ್ರೈವ್ ಬರುತ್ತದೆ. ಬಂದರೆ ಮುಗಿಯಿತು, ಡ್ರೈವ್ ಸರಿ ಇದೆ. ಅಂಗಡಿಗೂ ಮನೆಗೂ ಸುಮ್ನೆ ಓಡಾಡುವುದು ತಪ್ಪುತ್ತದೆ.

ಡ್ರೈವ್ ಹೊಸದೇ ಅಥವಾ ಬಳಸಿದ್ದೇ ಅನ್ನುವುದನ್ನೂ ಅಲ್ಲೇ ನೋಡಬಹುದು. ‘ಸ್ಮಾರ್ಟ್‌ಸಿಟಿಎಲ್’ ಎಂಬ ಉಪಕರಣ ಹಾಕಿಕೊಂಡರೆ ಎಷ್ಟು ಗಂಟೆ ಓಡಿದೆ, ಎಷ್ಟು ಬರೆಯಲಾಗಿದೆ ಎಲ್ಲಾ ಹೇಳುತ್ತದೆ. ಸೀಲ್ ಒಡೆದು ಅದೇ ದಿನ ಹಾಕಿದ ಡ್ರೈವಿನಲ್ಲಿ ಸಾವಿರಾರು ಗಂಟೆ ತೋರಿಸಿದರೆ ಬಿಲ್ ಹಿಡಿದು ಹೋಗಿ ಕೇಳಲೇಬೇಕು.

ಬೆಳದಿಂಗಳು · ಭಾನುವಾರ ಬೆಳಿಗ್ಗೆ

ಡ್ರೈವರ್ ಸಿಕ್ಕಿತು. ಪಕ್ಕದ ಮನೆ ಅಣ್ಣನ ಕಂಪ್ಯೂಟರ್‌ನಲ್ಲಿ ಇಳಿಸಿ ಪೆನ್‌ಡ್ರೈವಿಗೆ ಹಾಕಿದೆ. ಬ್ರೌಸ್ ಮಾಡಿ ಫೋಲ್ಡರ್ ತೋರಿಸಿದರೆ ‘ಹೊಂದುವ ಡ್ರೈವರ್ ಯಾವುದೂ ಇಲ್ಲ’ ಎಂಬ ಅರ್ಥದ ಸಂದೇಶ ಬರುತ್ತಿದೆ. ಫೋಲ್ಡರ್ ಒಳಗೆ ಒಂದು ಇಎಕ್ಸ್‌ಇ ಫೈಲ್ ಇದೆ, ಅಷ್ಟೇ.

ಕೆಂಗೇರಿ ಲೋಕಲ್ · ಭಾನುವಾರ ಬೆಳಿಗ್ಗೆ

ಅಲ್ಲೇ ಇರುವುದು ವಿಷಯ. ಇನ್‌ಸ್ಟಾಲರ್‌ಗೆ ಇಎಕ್ಸ್‌ಇ ಬೇಡ, ಜಿಪ್ ಕೂಡ ಬೇಡ. ಅದು ಹುಡುಕುವುದು ಐಎನ್‌ಎಫ್ ಎಂದು ಕೊನೆಯಾಗುವ ಫೈಲ್. ಆ ಇಎಕ್ಸ್‌ಇ ಒಳಗೆ ಅದು ಮಡಚಿಕೊಂಡು ಕೂತಿದೆ, ಬಿಚ್ಚಬೇಕು.

ಇಂಟೆಲ್‌ನ ಸೈಟಿನಿಂದ ಬಂದ ‘ಸೆಟಪ್‌ಆರ್‌ಎಸ್‌ಟಿ’ ಆಗಿದ್ದರೆ, ಪಕ್ಕದ ಮನೆಯ ಕಂಪ್ಯೂಟರ್‌ನಲ್ಲಿ ಆ ಫೋಲ್ಡರ್‌ನಲ್ಲೇ ಕಮಾಂಡ್ ಕಿಟಕಿ ತೆಗೆಯಿರಿ. ಫೈಲಿನ ಹೆಸರು ಬರೆದು, ಒಂದು ಸ್ಪೇಸ್ ಕೊಟ್ಟು, ಒಂದು ಅಡ್ಡಗೆರೆ ಹಾಕಿ, ಅದಕ್ಕೆ ಅಂಟಿಸಿ ‘ಎಕ್ಸ್‌ಟ್ರಾಕ್ಟ್‌ಡ್ರೈವರ್ಸ್’ ಎಂದು ಒಂದೇ ಪದವಾಗಿ ಬರೆಯಿರಿ. ಆಮೇಲೆ ಮತ್ತೊಂದು ಸ್ಪೇಸ್ ಕೊಟ್ಟು ಬಿಚ್ಚಿಡಬೇಕಾದ ಫೋಲ್ಡರಿನ ಹೆಸರು. ಎಂಟರ್ ಒತ್ತಿದರೆ ಒಳಗಿನದೆಲ್ಲ ಹೊರಗೆ ಬರುತ್ತದೆ. ಲ್ಯಾಪ್‌ಟಾಪ್ ಕಂಪನಿಯ ಪ್ಯಾಕೇಜ್ ಆಗಿದ್ದರೆ ಡಬಲ್ ಕ್ಲಿಕ್ ಮಾಡಿದಾಗ ಕೆಲವು ಸಲ ‘ಎಕ್ಸ್‌ಟ್ರಾಕ್ಟ್’ ಎಂಬ ಆಯ್ಕೆ ಬರುತ್ತದೆ, ಅದನ್ನು ಒತ್ತಿ. ‘ಇನ್‌ಸ್ಟಾಲ್’ ಒತ್ತಬೇಡಿ, ಅದು ಪಕ್ಕದ ಮನೆಯ ಕಂಪ್ಯೂಟರ್‌ಗೆ ಹಾಕಲು ಹೋಗುತ್ತದೆ.

ಬಿಚ್ಚಿದ ಮೇಲೆ ವಿಎಂಡಿ ಎಂದು ಹೆಸರಿರುವ ಒಳ ಫೋಲ್ಡರ್ ಸಿಗುತ್ತದೆ. ಅದರಲ್ಲಿ ‘ಐಎ ಸ್ಟೋರ್ ವಿಡಿ’ ಎಂಬ ಐಎನ್‌ಎಫ್ ಫೈಲ್ ಇರಬೇಕು. ಫೋಲ್ಡರ್ ಪೂರ್ತಿ ಪೆನ್‌ಡ್ರೈವಿಗೆ ಹಾಕಿ, ಐಎನ್‌ಎಫ್ ಒಂದನ್ನೇ ಕಿತ್ತು ಹಾಕಿದರೆ ಆಗುವುದಿಲ್ಲ. ಅದರ ಜೊತೆಗಿನ ಫೈಲ್‌ಗಳೂ ಬೇಕು.

ಬೆಳದಿಂಗಳು · ಭಾನುವಾರ ಮಧ್ಯಾಹ್ನ

ಬಂತು! ‘ಇಂಟೆಲ್ ಆರ್‌ಎಸ್‌ಟಿ ವಿಎಂಡಿ ಕಂಟ್ರೋಲರ್ 467ಎಫ್’ ಎಂದು ಒಂದು ಸಾಲು ಬಂತು. ಅದನ್ನು ಆರಿಸಿ ನೆಕ್ಸ್ಟ್ ಒತ್ತಿದೆ. ಸ್ವಲ್ಪ ಹೊತ್ತು ಗೆರೆ ಓಡಿತು. ಆಮೇಲೆ ಖಾಲಿ ಇದ್ದ ಪಟ್ಟಿಯಲ್ಲಿ ‘ಅನ್‌ಅಲೊಕೇಟೆಡ್ ಸ್ಪೇಸ್, 931.5 ಜಿಬಿ’! ತಂಗಿ ಕುಣಿದಾಡಿಬಿಟ್ಟಳು. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಎರಡು ಪ್ರಶ್ನೆ. 1 ಟಿಬಿ ಕೊಟ್ಟು 931 ಯಾಕೆ ತೋರಿಸುತ್ತಿದೆ, ಅಂಗಡಿಯಲ್ಲಿ ಮೋಸ ಆಯಿತಾ? ಇನ್ನೊಂದು, ಇಲ್ಲಿ ನಾನೇ ಪಾರ್ಟಿಶನ್ ಮಾಡಬೇಕಾ?

ಸ್ಕ್ರೂಡ್ರೈವರ್ · ಭಾನುವಾರ ಮಧ್ಯಾಹ್ನ

ಮೋಸ ಇಲ್ಲ. ಡ್ರೈವ್ ಮಾಡುವವರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. 1 ಟಿಬಿಗೆ 931 ಬರುವುದೇ ಸರಿ.

ಪಾರ್ಟಿಶನ್ ನೀವು ಮಾಡಬೇಡಿ. ಆ ಖಾಲಿ ಸಾಲನ್ನು ಆರಿಸಿ ನೆಕ್ಸ್ಟ್ ಒತ್ತಿ. ಬೂಟ್‌ಗೆ ಬೇಕಾದ 100 ಎಂಬಿಯ ಇಎಫ್‌ಐ, 16 ಎಂಬಿಯ ಇನ್ನೊಂದು ತುಂಡು, ರಿಕವರಿ, ಎಲ್ಲವನ್ನೂ ವಿಂಡೋಸ್ ತಾನೇ ಕತ್ತರಿಸಿಕೊಳ್ಳುತ್ತದೆ. ಪೆನ್‌ಡ್ರೈವೂ ಅದೇ ಪಟ್ಟಿಯಲ್ಲಿ ಕಾಣಬಹುದು, ಗಾತ್ರ ನೋಡಿ ಆರಿಸಿ. ಚಾರ್ಜರ್ ಹಾಕಿಯೇ ಇಡಿ.

ಜಾಲಹಳ್ಳಿ ಕ್ರಾಸ್ · ಭಾನುವಾರ ಸಂಜೆ

ಇಷ್ಟೆಲ್ಲಾ ಯಾಕೆ? ಬಯೋಸ್‌ನಲ್ಲಿ ವಿಎಂಡಿ ಆಫ್ ಮಾಡಿದರೆ ಡ್ರೈವರ್ ಬೇಕಾಗಿಯೇ ಇಲ್ಲ. ನಾನು ಯಾವಾಗಲೂ ಹಾಗೇ ಮಾಡುವುದು. ಲ್ಯಾಪ್‌ಟಾಪ್‌ಗೆ ವಿಎಂಡಿಯಿಂದ ಏನು ಉಪಯೋಗ? ರೇಡ್ ಮಾಡುವವರಿಗೆ, ಅಂದರೆ ಹಲವು ಡ್ರೈವ್ ಸೇರಿಸಿ ಒಂದರಂತೆ ಬಳಸುವವರಿಗೆ ಅದು, ಒಂದೇ ಡ್ರೈವ್ ಇರುವವರಿಗೆ ಅಲ್ಲ. ಏಸರ್‌ನ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಆ ಆಯ್ಕೆ ಬಚ್ಚಿಟ್ಟಿರುತ್ತದೆ. ಬಯೋಸ್‌ನ ಮೇನ್ ಪುಟದಲ್ಲಿ ಕಂಟ್ರೋಲ್ ಮತ್ತು ಎಸ್ ಒತ್ತಿದರೆ ಹೊರಗೆ ಬರುತ್ತದೆ.

ಸ್ಕ್ರೂಡ್ರೈವರ್ · ಭಾನುವಾರ ಸಂಜೆ

ನೀವು ಹೇಳುವುದು ಹೊಸ ಖಾಲಿ ಡ್ರೈವಿಗೆ ನೂರಕ್ಕೆ ನೂರು ಸರಿ. ಒಂದೇ ಡ್ರೈವ್, ಅದೂ ಖಾಲಿ, ಆಗ ವಿಎಂಡಿ ಆಫ್ ಮಾಡಿ ಇನ್‌ಸ್ಟಾಲ್ ಮಾಡುವುದರಲ್ಲಿ ತಪ್ಪೇನೂ ಇಲ್ಲ. ಬೆಳದಿಂಗಳು ಅವರಿಗೆ ನಾನು ಡ್ರೈವರ್ ದಾರಿ ಹೇಳಿದ್ದಕ್ಕೆ ಕಾರಣ ಇದೆ. ವೈವಾ ಹತ್ತಿರ ಇದೆ. ಏನಾದರೂ ಎಡವಟ್ಟಾದರೆ ಹಳೇ ಡ್ರೈವ್ ವಾಪಸ್ ಹಾಕಿದ ಕೂಡಲೇ ಲ್ಯಾಪ್‌ಟಾಪ್ ಮೊದಲಿನಂತೆ ಓಡಬೇಕು. ವಿಎಂಡಿ ಆಫ್ ಆಗಿದ್ದರೆ ಹಳೇ ಡ್ರೈವಿನ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಅಂತ ಬರುತ್ತದೆ. ಆನ್ ಮಾಡಿದರೆ ಸರಿಹೋಗುತ್ತದೆ, ಆದರೆ ಗೊತ್ತಿಲ್ಲದವರು ಆ ನೀಲಿ ಪರದೆ ನೋಡಿ ಗಾಬರಿಯಾಗಿ ಫಾರ್ಮ್ಯಾಟ್ ಮಾಡಿಬಿಡುತ್ತಾರೆ. ಫೋಟೋ, ಪ್ರಾಜೆಕ್ಟ್ ಎಲ್ಲಾ ಹೋದಮೇಲೆ ನಮ್ಮ ಹತ್ತಿರ ಬರುತ್ತಾರೆ.

ಈಗಾಗಲೇ ವಿಂಡೋಸ್ ಇರುವ ಯಂತ್ರದಲ್ಲಿ ವಿಎಂಡಿ ಆಫ್ ಮಾಡಲೇಬೇಕಾದರೆ ಕ್ರಮ ಇದೆ. ಮೊದಲು ಡ್ರೈವಿಗೆ ಬೀಗ ಹಾಕುವ ಬಿಟ್‌ಲಾಕರ್‌ನ ರಿಕವರಿ ಕೀ ಕೈಯಲ್ಲಿ ಇರಲಿ, ಯಾಕೆಂದರೆ ಬಯೋಸ್ ಬದಲಾದ ಕೂಡಲೇ ಅದು ಕೇಳಬಹುದು. ವಿಂಡೋಸ್ ಒಳಗೆ ‘ಎಂಎಸ್ ಕಾನ್ಫಿಗ್’ ತೆಗೆದು ಬೂಟ್ ಪುಟದಲ್ಲಿ ಸೇಫ್ ಬೂಟ್‌ಗೆ ಟಿಕ್ ಹಾಕಿ. ರೀಸ್ಟಾರ್ಟ್ ಮಾಡಿ ನೇರ ಬಯೋಸ್‌ಗೆ ಹೋಗಿ ವಿಎಂಡಿ ಆಫ್ ಮಾಡಿ. ಸೇಫ್ ಮೋಡ್‌ನಲ್ಲಿ ಎದ್ದಾಗ ವಿಂಡೋಸ್ ತನ್ನದೇ ಎನ್‌ವಿಎಂಇ ಡ್ರೈವರ್ ಹಿಡಿದುಕೊಳ್ಳುತ್ತದೆ. ಆಮೇಲೆ ಟಿಕ್ ತೆಗೆದು ಮತ್ತೆ ರೀಸ್ಟಾರ್ಟ್. ಸೇಫ್ ಮೋಡ್‌ನಲ್ಲಿ ಪಿನ್ ನಡೆಯದೆ ಪೂರ್ತಿ ಪಾಸ್‌ವರ್ಡ್ ಕೇಳಬಹುದು, ಅದನ್ನು ಮೊದಲೇ ನೆನಪು ಮಾಡಿಕೊಂಡಿರಿ.

ಜಾಲಹಳ್ಳಿ ಕ್ರಾಸ್ · ಭಾನುವಾರ ಸಂಜೆ

ಒಪ್ಪಿದೆ ಸರ್. ಹಳೇ ಡ್ರೈವ್ ವಾಪಸ್ ಹಾಕುವ ವಿಷಯ ಮುಖ್ಯ. ಖಾಲಿ ಡ್ರೈವಿಗೆ ಮಾತ್ರ ನನ್ನ ದಾರಿ ಅಂತ ಇಟ್ಟುಕೊಳ್ಳೋಣ.

ಪೆಂಗ್ವಿನ್ ಪ್ರಿಯ · ಭಾನುವಾರ ಸಂಜೆ

8ರಿಂದ 10ನೇ ಜನರೇಶನ್ ಇರುವವರಿಗೆ ಒಂದು ಮಾತು. ಅವುಗಳಲ್ಲಿ ವಿಎಂಡಿ ಇಲ್ಲ, ಆದರೆ ಕೆಲವದರಲ್ಲಿ ಸಾಟಾ ಮೋಡ್ ‘ರೇಡ್’ ಅಥವಾ ‘ಆರ್‌ಎಸ್‌ಟಿ ವಿತ್ ಆಪ್ಟೇನ್’ ಎಂದು ಇರುತ್ತದೆ. ಆಗ ಲಿನಕ್ಸ್ ಇನ್‌ಸ್ಟಾಲರ್‌ಗೇ ಎನ್‌ವಿಎಂಇ ಕಾಣುವುದಿಲ್ಲ, ವಿಂಡೋಸ್‌ಗೆ ಸಾಮಾನ್ಯವಾಗಿ ಕಾಣುತ್ತದೆ. ಅಂದರೆ ಇಲ್ಲಿನ ಕಥೆ ಉಲ್ಟಾ. ಕರ್ನಲ್ ಲಾಗ್‌ನಲ್ಲಿ ಅದು ನೇರವಾಗಿಯೇ ಹೇಳುತ್ತದೆ, ಎನ್‌ವಿಎಂಇ ಡ್ರೈವ್ ರೀಮ್ಯಾಪ್ ಆಗಿದೆ, ಬಯೋಸ್‌ನಲ್ಲಿ ರೇಡ್ ಬಿಟ್ಟು ಎಎಚ್‌ಸಿಐ ಎಂಬ ಸಾಮಾನ್ಯ ಮೋಡ್‌ಗೆ ಬದಲಾಯಿಸಿ ಎಂದು. ಅಲ್ಲೂ ಮೇಲಿನ ಸೇಫ್ ಮೋಡ್ ಕ್ರಮವೇ ಕೆಲಸಕ್ಕೆ ಬರುತ್ತದೆ.

ಹಾಸ್ಟೆಲ್ ರೂಮು · ಭಾನುವಾರ ರಾತ್ರಿ

ಒಳ್ಳೆ ಮಾಹಿತಿ. ನನ್ನದು ಡೆಸ್ಕ್‌ಟಾಪ್ ಪ್ರಶ್ನೆ, ಇಲ್ಲೇ ಕೇಳುತ್ತೇನೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ನಿಂತಿತು, ನನ್ನ ಹಳೇ ಬೋರ್ಡಿಗೆ 11 ಆಗುವುದಿಲ್ಲ. ಅದಕ್ಕೆ ಲಿನಕ್ಸ್ ಮಿಂಟ್ ಹಾಕೋಣ ಎಂದು ಸೆಕೆಂಡ್ ಹ್ಯಾಂಡ್ 4 ಟಿಬಿ ಹಾರ್ಡ್‌ಡಿಸ್ಕ್ ತಂದೆ. ಸರ್ವರ್‌ನಲ್ಲಿ ಇದ್ದದ್ದಂತೆ. ಇನ್‌ಸ್ಟಾಲರ್‌ಗೂ ಕಾಣುತ್ತಿಲ್ಲ, ಬಯೋಸ್‌ಗೂ ಕಾಣುತ್ತಿಲ್ಲ. ಅಂಗಡಿಯವರ ಯಂತ್ರದಲ್ಲಿ ಹಾಕಿ ತೋರಿಸಿದರು, ಅಲ್ಲಿ ಚೆನ್ನಾಗಿ ಬರುತ್ತದೆ.

ಕೆಂಗೇರಿ ಲೋಕಲ್ · ಭಾನುವಾರ ರಾತ್ರಿ

ಡಿಸ್ಕ್ ಮೇಲೆ ಬೆರಳಿಟ್ಟು ಕಂಪ್ಯೂಟರ್ ಆನ್ ಮಾಡು. ತಿರುಗುವ ನಡುಕ ಗೊತ್ತಾಗುತ್ತಾ?

ಹಾಸ್ಟೆಲ್ ರೂಮು · ಭಾನುವಾರ ರಾತ್ರಿ

ಇಲ್ಲ ಅಣ್ಣ. ಕಲ್ಲಿನ ಹಾಗೆ ಸುಮ್ಮನಿದೆ. ಕೇಬಲ್ ಬದಲಾಯಿಸಿಯೂ ನೋಡಿದೆ.

ಕೆಂಗೇರಿ ಲೋಕಲ್ · ಭಾನುವಾರ ರಾತ್ರಿ

ಹಾಗಾದರೆ ಬಹುತೇಕ ಪವರ್ ಪಿನ್ ವಿಷಯ. ಸಾಟಾ ಪವರ್ ಕನೆಕ್ಟರ್‌ನಲ್ಲಿ 15 ಪಿನ್ ಇವೆ. ಹಳೇ ನಿಯಮದಲ್ಲಿ ಮೂರನೇ ಪಿನ್‌ಗೆ 3.3 ವೋಲ್ಟ್ ಬರುತ್ತಿತ್ತು. ಸಾಟಾ 3.3ರ ನಿಯಮದಲ್ಲಿ ಅದೇ ಪಿನ್‌ಗೆ ಬೇರೆ ಕೆಲಸ ಕೊಟ್ಟರು. ಅಲ್ಲಿ ಕರೆಂಟ್ ಬಂದರೆ ಡಿಸ್ಕ್ ಆಫ್ ಆಗಿರಬೇಕು ಎಂದು. ಸರ್ವರ್ ಕೋಣೆಯಲ್ಲಿ ಕೂತಲ್ಲಿಂದಲೇ ಡಿಸ್ಕ್ ರೀಸೆಟ್ ಮಾಡಲು ಅದು ಅನುಕೂಲ. ನಿನ್ನ ಹಳೇ ಪವರ್ ಸಪ್ಲೈ ಆ ಪಿನ್‌ಗೆ 3.3 ವೋಲ್ಟ್ ಕೊಡುತ್ತಲೇ ಇದೆ, ಡಿಸ್ಕ್ ‘ಸರಿ, ಆಫ್ ಇರುತ್ತೇನೆ’ ಎಂದು ತಿರುಗದೆ ಕೂತಿದೆ. ಅಂಗಡಿಯವರ ಸಪ್ಲೈ ಆ ಪಿನ್‌ಗೆ ಏನೂ ಕೊಡುವುದಿಲ್ಲ, ಅದಕ್ಕೆ ಅಲ್ಲಿ ಓಡುತ್ತದೆ.

ಪರಿಹಾರ ಅಗ್ಗ. ನಾಲ್ಕು ಪಿನ್‌ನ ಮೋಲೆಕ್ಸ್‌ನಿಂದ ಸಾಟಾಗೆ ಬದಲಿಸುವ ಕನೆಕ್ಟರ್ ತಂದು ಹಾಕು. ಮೋಲೆಕ್ಸ್‌ನಲ್ಲಿ 5 ಮತ್ತು 12 ವೋಲ್ಟ್ ಮಾತ್ರ ಇರುವುದು, 3.3 ಇಲ್ಲವೇ ಇಲ್ಲ. ಕೊಳ್ಳುವಾಗ ವೈರುಗಳು ಪ್ಲಾಸ್ಟಿಕ್ ಒಳಗೆ ಎರಕ ಹೊಯ್ದಂತೆ ಮುಚ್ಚಿಹೋಗಿರುವುದನ್ನು ತಗೋಬೇಡ. ಅಂಥವು ಒಳಗೆ ಶಾರ್ಟ್ ಆಗಿ ಸುಟ್ಟದ್ದಿದೆ. ಪ್ರತಿ ವೈರೂ ಬೇರೆ ಬೇರೆಯಾಗಿ ಕನೆಕ್ಟರ್ ಹಿಂದೆ ಕಚ್ಚಿಕೊಂಡಿರುವುದು ಕಾಣಬೇಕು. ಮೂರನೇ ಪಿನ್ ಮೇಲೆ ಕರೆಂಟ್ ತಡೆಯುವ ಕ್ಯಾಪ್ಟಾನ್ ಟೇಪ್ ಅಂಟಿಸುವವರೂ ಇದ್ದಾರೆ, ಕೈ ಸೂಕ್ಷ್ಮ ಇದ್ದರೆ ಅದೂ ಆಗುತ್ತದೆ.

ಪೆಂಗ್ವಿನ್ ಪ್ರಿಯ · ಭಾನುವಾರ ರಾತ್ರಿ

ಡಿಸ್ಕ್ ಕಾಣಿಸಿದ ಮೇಲೆ ಇನ್ನೊಂದು ನೋಡಿಕೊಳ್ಳಿ. ಡಿಸ್ಕಿನ ಭಾಗಗಳು ಎಲ್ಲೆಲ್ಲಿವೆ ಎಂದು ಬರೆದಿಡುವ ಪಟ್ಟಿಗೆ ಪಾರ್ಟಿಶನ್ ಟೇಬಲ್ ಅನ್ನುತ್ತಾರೆ, 4 ಟಿಬಿಗೆ ಅದು ಜಿಪಿಟಿ ಬಗೆಯದೇ ಬೇಕು. ಹಳೇ ಎಂಬಿಆರ್‌ನಲ್ಲಿ ಸೆಕ್ಟರ್ ಎಣಿಸಲು 32 ಬಿಟ್ ಮಾತ್ರ. ಸೆಕ್ಟರ್‌ಗೆ 512 ಬೈಟ್ ಎಂದರೆ ಸುಮಾರು 2.2 ಟಿಬಿಗೆ ಎಣಿಕೆ ಮುಗಿದುಹೋಗುತ್ತದೆ, ಉಳಿದ ಅರ್ಧ ಉಪಯೋಗಕ್ಕೆ ಬರುವುದಿಲ್ಲ. ಪೆನ್‌ಡ್ರೈವನ್ನು ಯುಇಎಫ್‌ಐ ಎಂಬ ಹೊಸ ಬಗೆಯ ಬಯೋಸ್ ಮೋಡ್‌ನಲ್ಲೇ ಬೂಟ್ ಮಾಡಿ, ಮಿಂಟ್ ತಾನೇ ಜಿಪಿಟಿ ಮಾಡಿಕೊಳ್ಳುತ್ತದೆ. ಡೆಸ್ಕ್‌ಟಾಪ್‌ನಲ್ಲಿ ಎಂ.2 ಡ್ರೈವ್ ಕೂಡ ಇದ್ದರೆ ಬೋರ್ಡಿನ ಪುಸ್ತಕ ತೆಗೆದು ನೋಡಿ. ಹಲವು ಬೋರ್ಡುಗಳಲ್ಲಿ ಎಂ.2 ಸ್ಲಾಟ್ ತುಂಬಿದರೆ ಒಂದೆರಡು ಸಾಟಾ ಪೋರ್ಟ್ ಕೆಲಸ ನಿಲ್ಲಿಸುತ್ತವೆ.

ಅಚ್ಚುಮೊಳೆ · ಸೋಮವಾರ ಬೆಳಿಗ್ಗೆ

ಚಾಮರಾಜಪೇಟೆಯಲ್ಲಿ ನಮ್ಮದು ಸಣ್ಣ ಪ್ರಿಂಟಿಂಗ್ ಪ್ರೆಸ್. ಲಗ್ನಪತ್ರಿಕೆ, ಕರಪತ್ರ, ಸಂಘದ ವಾರ್ಷಿಕ ವರದಿ. ಪೇಜ್‌ಮೇಕರ್ ಮತ್ತು ನುಡಿ ಫಾಂಟಿನಲ್ಲಿ ಹತ್ತಾರು ವರ್ಷದ ಕೆಲಸ ಇದೆ, ಅದಕ್ಕೆ ವಿಂಡೋಸ್ 7 ಬಿಟ್ಟಿಲ್ಲ. ಹೊಸ ಕಂಪ್ಯೂಟರ್ ತಂದು ಎನ್‌ವಿಎಂಇ ಹಾಕಿಸಿದೆವು. 7ರ ಡಿವಿಡಿಗೆ ಡ್ರೈವೇ ಸಿಗುತ್ತಿಲ್ಲ. ನಮ್ಮಂಥವರಿಗೆ ಏನು ದಾರಿ ಸ್ವಾಮಿ?

ಸ್ಕ್ರೂಡ್ರೈವರ್ · ಸೋಮವಾರ ಬೆಳಿಗ್ಗೆ

ಸರ್, 7 ಬಂದದ್ದು 2009ರಲ್ಲಿ. ಆಗ ಎನ್‌ವಿಎಂಇ ಡ್ರೈವ್ ಮಾರುಕಟ್ಟೆಯಲ್ಲೇ ಇರಲಿಲ್ಲ, ಆ ಡಿವಿಡಿಗೆ ಅದು ಗೊತ್ತಿಲ್ಲ. ಆಮೇಲೆ ಮೈಕ್ರೋಸಾಫ್ಟ್ ಒಂದು ಹಾಟ್‌ಫಿಕ್ಸ್, ಅಂದರೆ ಸಣ್ಣ ತಿದ್ದುಪಡಿ ಕೊಟ್ಟಿತು, ಅದನ್ನು ಡಿವಿಡಿಯ ಪ್ರತಿಯೊಳಗೆ ಸೇರಿಸಿಕೊಂಡು ಮಾಡಬೇಕು. ಅದರ ಮೇಲೆ ಯುಎಸ್‌ಬಿ 3 ಡ್ರೈವರ್ ಕೂಡ 7ರಲ್ಲಿ ಇಲ್ಲ. ಹೊಸ ಬೋರ್ಡಿನಲ್ಲಿ ಕೀಬೋರ್ಡ್, ಮೌಸ್ ಕೂಡ ಕೆಲಸ ಮಾಡದೆ ನಿಂತುಬಿಡಬಹುದು. 2020ರ ಜನವರಿ 14ಕ್ಕೆ ಸಪೋರ್ಟೂ ಮುಗಿದಿದೆ. ಈ ಹಾದಿ ಹಿಡಿಯಬೇಡಿ ಎಂದೇ ಹೇಳುತ್ತೇನೆ.

ನಿಮ್ಮ ಹಳೇ ಕಂಪ್ಯೂಟರ್ ಇನ್ನೂ ಗಟ್ಟಿ ಇದ್ದರೆ ಅದಕ್ಕೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿಸಿ, ಬಯೋಸ್‌ನಲ್ಲಿ ಎಎಚ್‌ಸಿಐ ಇಡಿ. 7ರ ಇನ್‌ಸ್ಟಾಲರ್‌ಗೆ ಅದು ತಕರಾರಿಲ್ಲದೆ ಕಾಣುತ್ತದೆ. ಆ ಯಂತ್ರಕ್ಕೆ ಇಂಟರ್ನೆಟ್ ಕೊಡಬೇಡಿ.

ಹೊಸ ಯಂತ್ರವೇ ಬೇಕು ಎಂದರೆ ಅದರಲ್ಲಿ ವಿಂಡೋಸ್ 11 ಹಾಕಿ, ಒಳಗೆ ವರ್ಚುವಲ್‌ಬಾಕ್ಸ್‌ನಲ್ಲಿ (ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್ ಇರುವಂತೆ ಓಡಿಸುವ ಸಾಫ್ಟ್‌ವೇರ್) 7 ಹಾಕಿಕೊಳ್ಳಿ. ಅಲ್ಲಿ ಡಿಸ್ಕ್ ಕೂಡ ವರ್ಚುವಲ್, ಸಾಟಾ ಥರ ಕಾಣುತ್ತದೆ, 7ಕ್ಕೆ ಡ್ರೈವರ್ ಕೇಳುವ ಪ್ರಸಂಗವೇ ಬರುವುದಿಲ್ಲ. ಹಳೇ ಕೆಲಸ ಅದರೊಳಗೆ, ಹೊಸ ಕೆಲಸ ಯೂನಿಕೋಡ್‌ನಲ್ಲಿ ಹೊರಗೆ. ಯುಎಸ್‌ಬಿ ಹಾರ್ಡ್‌ವೇರ್ ಲಾಕ್ ಇರುವ ಸಾಫ್ಟ್‌ವೇರ್ ಬಳಸುತ್ತಿದ್ದರೆ ಮೊದಲು ಆ ಲಾಕ್ ವರ್ಚುವಲ್ ಯಂತ್ರಕ್ಕೆ ಕಾಣುತ್ತದೆಯಾ ಎಂದು ಪರೀಕ್ಷೆ ಮಾಡಿ, ಆಮೇಲೆ ಹಳೆಯದನ್ನು ಬಿಡಿ.

ಅಚ್ಚುಮೊಳೆ · ಸೋಮವಾರ ಬೆಳಿಗ್ಗೆ

ಎರಡನೇ ದಾರಿ ಹಿಡಿಸಿತು. ನಮ್ಮ ಹುಡುಗನ ಕೈಲಿ ಮಾಡಿಸುತ್ತೇನೆ. ತುಂಬಾ ಉಪಕಾರವಾಯಿತು.

ಬೆಳದಿಂಗಳು · ಸೋಮವಾರ ರಾತ್ರಿ

ವಿಂಡೋಸ್ ಹಾಕಿ ಮುಗಿಯಿತು, ತಂಗಿ ಪ್ರಾಜೆಕ್ಟ್ ಸಾಫ್ಟ್‌ವೇರ್ ಹಾಕಿಕೊಳ್ಳುತ್ತಿದ್ದಾಳೆ. ಆದರೆ ಅವಳ ರಿಪೋರ್ಟ್ ಹಳೇ ಡ್ರೈವಿನಲ್ಲಿದೆ. ಯುಎಸ್‌ಬಿ ಎನ್‌ಕ್ಲೋಸರ್‌ಗೆ ಹಾಕಿ ಚುಚ್ಚಿದರೆ 48 ಅಂಕಿಯ ಕೀ ಕೇಳುತ್ತಿದೆ. ನಾವು ಯಾವತ್ತೂ ಅಂಥ ಕೀ ಇಟ್ಟಿಲ್ಲ.

ಕೆಂಗೇರಿ ಲೋಕಲ್ · ಸೋಮವಾರ ರಾತ್ರಿ

ಅದು ಬಿಟ್‌ಲಾಕರ್. ನೀವು ಇಟ್ಟಿಲ್ಲ, ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆದಾಗ ಲ್ಯಾಪ್‌ಟಾಪ್ ತಾನೇ ಆನ್ ಮಾಡಿಕೊಂಡಿರುತ್ತದೆ. ಕೀ ಆ ಅಕೌಂಟ್‌ನಲ್ಲೇ ಉಳಿದಿರುತ್ತದೆ. ಮೊಬೈಲ್‌ನಲ್ಲಿ ತಂಗಿಯ ಮೈಕ್ರೋಸಾಫ್ಟ್ ಅಕೌಂಟ್‌ಗೆ ಲಾಗಿನ್ ಆಗಿ ಡಿವೈಸ್ ಪಟ್ಟಿಯಲ್ಲಿ ಬಿಟ್‌ಲಾಕರ್ ರಿಕವರಿ ಕೀ ಹುಡುಕಿ. ಒಂದಕ್ಕಿಂತ ಜಾಸ್ತಿ ಕೀ ಇದ್ದರೆ, ಕೇಳುವ ಪರದೆಯಲ್ಲಿ ಕೀ ಐಡಿಯ ಮೊದಲ ಅಕ್ಷರಗಳು ಇರುತ್ತವೆ, ಅದಕ್ಕೆ ಹೊಂದುವುದನ್ನು ಆರಿಸಿ. ಶಾಲೆ ಅಥವಾ ಕಾಲೇಜಿನ ಇಮೇಲ್‌ನಿಂದ ಲಾಗಿನ್ ಆಗಿದ್ದರೆ ಆ ಅಕೌಂಟ್‌ನಲ್ಲೂ ನೋಡಿ.

ಬೆಳದಿಂಗಳು · ಸೋಮವಾರ ರಾತ್ರಿ

ಕಾಲೇಜಿನ ಇಮೇಲ್‌ನಲ್ಲಿ ಇತ್ತು. ಡ್ರೈವ್ ತೆರೆಯಿತು, ರಿಪೋರ್ಟ್ ಕಾಪಿ ಆಗುತ್ತಿದೆ. ಹೊಸ ವಿಂಡೋಸ್‌ದೂ ಹೀಗೇ ಲಾಕ್ ಆಗಿರುತ್ತಾ?

ಸ್ಕ್ರೂಡ್ರೈವರ್ · ಸೋಮವಾರ ರಾತ್ರಿ

ವಿಂಡೋಸ್ 11ರ 24ಎಚ್2 ವರ್ಷನ್ ಅಥವಾ ಅದಕ್ಕಿಂತ ಹೊಸದಾಗಿದ್ದು, ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆಗಿದ್ದರೆ, ಆಗಿರುವ ಸಾಧ್ಯತೆಯೇ ಹೆಚ್ಚು. ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಮತ್ತು ಸೆಕ್ಯೂರಿಟಿ ಒಳಗೆ ಡಿವೈಸ್ ಎನ್‌ಕ್ರಿಪ್ಶನ್ ನೋಡಿ. ಆನ್ ಇದ್ದರೆ ಇರಲಿ, ಲ್ಯಾಪ್‌ಟಾಪ್ ಕಳೆದುಹೋದರೆ ಒಳಗಿನದು ಯಾರ ಕೈಗೂ ಸಿಗುವುದಿಲ್ಲ. ಕೀ ಮಾತ್ರ ಇವತ್ತೇ ಕಾಗದದ ಮೇಲೆ ಬರೆದು ಬಿಲ್ ಜೊತೆ ಇಡಿ. ಹಳೇ ಡ್ರೈವನ್ನು ವೈವಾ ಮುಗಿಯುವವರೆಗೆ ಫಾರ್ಮ್ಯಾಟ್ ಮಾಡಬೇಡಿ.